ಚಳಿಯಲ್ಲಿ ಫೋರ್ ವೀಲ್ ಬೀಳದಿದ್ದರೆ ಲಿವರ್ ಒದೆಯಬೇಡಿ

ಎರಡು ವರ್ಷದ ಹಿಂದೆ, ಜನವರಿ ತಿಂಗಳು. ಬೆಳಗ್ಗೆ ಏಳು ಗಂಟೆಗೆ ಫೋನ್ ಬಂತು. ಚನ್ನಗಿರಿ ಕಡೆಯ ಅಡಿಕೆ ತೋಟದ ಹುಡುಗ. ಅವನ ಹಳೆ ಜೀಪಿನ ಕೆಲಸವನ್ನು ಹತ್ತು ವರ್ಷದಿಂದ ನಾನೇ ಮಾಡುತ್ತಿದ್ದೇನೆ.

"ಅಣ್ಣಾ, ಕಾಜಾದಲ್ಲಿದ್ದೀನಿ. ಫ್ರಂಟ್ ಗೇರ್ ಬೀಳ್ತಾನೇ ಇಲ್ಲ. ಕಾಲಲ್ಲಿ ಒದ್ದೆ, ಆದ್ರೂ ಬೀಳ್ತಿಲ್ಲ."

ಕಾಜಾ ಇರುವುದು ಹಿಮಾಚಲದ ಸ್ಪಿತಿ ಕಣಿವೆಯಲ್ಲಿ. 3,600 ಮೀಟರಿಗಿಂತ ಎತ್ತರದ ಊರು. ನಮ್ಮ ದಾವಣಗೆರೆ ಇರುವುದು ಸುಮಾರು 600 ಮೀಟರಿನಲ್ಲಿ. ಹಿಂದಿನ ರಾತ್ರಿ ಅಲ್ಲಿ ಮೈನಸ್ 20 ಡಿಗ್ರಿ ಇತ್ತಂತೆ. ಮನೆ ಮುಂದಿನ ರಸ್ತೆಯೆಲ್ಲ ಹಿಮ. ಮುಂದಿನ ಗಾಲಿಗಳಿಗೂ ಇಂಜಿನ್ನಿನ ಬಲ ಕೊಡುವ ಫೋರ್ ವೀಲ್ ಬೀಳದೆ ಹಿಂದಿನ ಎರಡು ಗಾಲಿ ಮಾತ್ರ ಸುತ್ತುತ್ತಿವೆ, ಗಾಡಿ ಇದ್ದಲ್ಲೇ ಇದೆ.

ನಾನು ಹೇಳಿದ ಮೊದಲ ಮಾತು, ಒದೆಯೋದು ನಿಲ್ಲಿಸು. ಲಿವರ್ ಕೆಳಗೆ ಒಂದು ರಾಡು, ಅದರ ತುದಿಯಲ್ಲಿ ಗೇರನ್ನು ಸರಿಸುವ ಒಂದು ಫೋರ್ಕ್ ಇರುತ್ತದೆ. ಆ ಫೋರ್ಕ್ ಬಗ್ಗಿದರೆ ಆಮೇಲೆ ಚಳಿ ಬಿಟ್ಟರೂ ಗೇರ್ ಬೀಳುವುದಿಲ್ಲ. ಇಲ್ಲಿಯಾದರೆ ಟ್ರಾನ್ಸ್‌ಫರ್ ಕೇಸ್, ಅಂದರೆ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಬಾಕ್ಸ್ ಇಳಿಸಿ ಬೇರೆ ಫೋರ್ಕ್ ಹಾಕಬಹುದು. ಅಲ್ಲಿ ಯಾರು ಹಾಕುತ್ತಾರೆ?

ಅವತ್ತು ಮುಕ್ಕಾಲು ಗಂಟೆ ಫೋನಿನಲ್ಲೇ ಕೆಲಸ ನಡೆಯಿತು. ಅದಾದ ಮೇಲೆ ಇನ್ನೂ ನಾಲ್ಕೈದು ಜನ ಇದೇ ತೊಂದರೆ ಕೇಳಿಕೊಂಡು ಬಂದರು. ನಮ್ಮ ಕಡೆಯಿಂದ ಲಡಾಖ್, ಸ್ಪಿತಿ ಅಂತ ಗಾಡಿ ತಗೊಂಡು ಹೋಗುವವರು ಈಗ ಜಾಸ್ತಿ. ಅಷ್ಟು ದೂರ ಹೋಗದವರಿಗೂ ಡಿಸೆಂಬರ್ ಬೆಳಗಿನ ಜಾವ ಇಲ್ಲಿಯೇ ಈ ತೊಂದರೆ ಬರುತ್ತದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ನನ್ನ ಗ್ಯಾರೇಜಿನಲ್ಲಿ ಕಂಡ ಮಟ್ಟಿಗೆ, ಚಳಿಗೆ ಫೋರ್ ವೀಲ್ ಕೈಕೊಟ್ಟ ಗಾಡಿಗಳಲ್ಲಿ ಹೆಚ್ಚಿನವು ಬೇಸಿಗೆಯಲ್ಲೇ ಕೆಟ್ಟಿದ್ದವು. ಒಳಗೆ ನೀರು ಸೇರಿತ್ತು, ತಪ್ಪು ಆಯಿಲ್ ಇತ್ತು, ಗಾಲಿಯ ನಡುವಿನ ಹಬ್ಬಿನಲ್ಲಿ ಗ್ರೀಸು ಗಟ್ಟಿಯಾಗಿತ್ತು, ಇಲ್ಲವೇ ಬ್ಯಾಟರಿ ಸೋತಿತ್ತು. ಬಿಸಿಲಿರುವಾಗ ಯಾವುದೂ ಗೊತ್ತಾಗಲಿಲ್ಲ. ಆದ್ದರಿಂದ ಚಳಿಯನ್ನು ಬೈಯುವ ಮೊದಲು ಗಾಡಿಯನ್ನು ನೋಡಿ.

ಮೊದಲು, ಹಾಕುವ ರೀತಿ ಸರಿ ಇದೆಯಾ?

ಕೆಲವು ಸಲ ಗಾಡಿಯಲ್ಲಿ ಏನೂ ತೊಂದರೆ ಇರುವುದಿಲ್ಲ. ನಿಂತ ಗಾಡಿಯಲ್ಲಿ ಒಳಗಿನ ಹಲ್ಲಿಗೆ ಹಲ್ಲು ಎದುರಾಗಿ ನಿಂತಿರುತ್ತದೆ. ಎಷ್ಟು ತಳ್ಳಿದರೂ ಹೋಗುವುದಿಲ್ಲ. ಕ್ಲಚ್ ಒತ್ತಿ ಗಾಡಿಯನ್ನು ಒಂದು ಅಡಿ ಮುಂದಕ್ಕೋ ಹಿಂದಕ್ಕೋ ಉರುಳಲು ಬಿಡಿ. ಉರುಳುತ್ತಿರುವಾಗಲೇ ಲಿವರನ್ನು ಮೆಲ್ಲಗೆ ತಳ್ಳಿ. ಬಹಳಷ್ಟು ಸಲ ಅಷ್ಟಕ್ಕೇ ಬಿದ್ದುಬಿಡುತ್ತದೆ.

ಟೂ ಹೈ ಅಂದರೆ ಹಿಂದಿನ ಎರಡು ಗಾಲಿಗೆ ಮಾತ್ರ ಬಲ, ಫೋರ್ ಹೈ ಅಂದರೆ ನಾಲ್ಕಕ್ಕೂ. ಟೂ ಹೈನಿಂದ ಫೋರ್ ಹೈಗೆ ಹಾಕುವಾಗ ಸ್ಟಿಯರಿಂಗ್ ನೇರ ಇರಲಿ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯಿರಿ. ಹಿಂದಿನ ಗಾಲಿ ಜಾರಿ ಸುತ್ತುತ್ತಿರುವಾಗ ಮಾತ್ರ ಹಾಕಬೇಡಿ. ಹಿಂದಿನ ಶಾಫ್ಟ್ ಜೋರಾಗಿ ತಿರುಗುತ್ತಿರುತ್ತದೆ, ಮುಂದಿನದು ನಿಂತಿರುತ್ತದೆ. ಎರಡನ್ನೂ ಒಮ್ಮೆಲೇ ಜೋಡಿಸಲು ಹೋದರೆ ಹಲ್ಲು ಹಾಳಾಗುತ್ತದೆ. ನಿಧಾನ ವೇಗದಲ್ಲಿ ಹೆಚ್ಚು ಎಳೆತ ಕೊಡುವ ಫೋರ್ ಲೋಗೆ ಗಾಡಿ ಪೂರ್ತಿ ನಿಲ್ಲಿಸಬೇಕೋ, ಆಮೆ ನಡಿಗೆಯಲ್ಲಿ ಹೋಗುತ್ತಿರಬೇಕೋ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಡ್ಯಾಶ್‌ಬೋರ್ಡ್ ಖಾನೆಯಲ್ಲಿರುವ ಕಂಪನಿ ಪುಸ್ತಕದಲ್ಲಿ ಅದನ್ನು ಬರೆದಿರುತ್ತಾರೆ. ದಯವಿಟ್ಟು ಆ ಒಂದು ಪುಟವನ್ನಾದರೂ ಓದಿ.

ಕೈಯಲ್ಲಿ ತಿರುಗಿಸುವ ಹಬ್ ಲಾಕ್ (ಗಾಲಿಯನ್ನು ಆಕ್ಸಲ್ಲಿಗೆ ಜೋಡಿಸುವ ಕೊಂಡಿ) ಇರುವ ಗಾಡಿಯಾದರೆ ಇಳಿದು ಎರಡೂ ಕಡೆ ನೋಡಿ. ಒಂದು ಕಡೆ ಲಾಕ್ ಮಾಡಿ ಇನ್ನೊಂದು ಕಡೆ ಮರೆತವರು ತುಂಬಾ ಜನ ಇದ್ದಾರೆ. ಒಂದೇ ಹಬ್ ಲಾಕ್ ಆಗಿದ್ದರೆ ಮುಂದಿನ ಗಾಲಿಗೆ ಎಳೆತ ಬರುವುದೇ ಇಲ್ಲ.

ಎಲ್ಲಿ ಸಿಕ್ಕಿಕೊಂಡಿದೆ?

ಇದು ಎಲ್ಲಕ್ಕಿಂತ ಮುಖ್ಯ. ಇದಕ್ಕೆ ಒಂದು ಜಾಕಿ, ನಾಲ್ಕು ಕಲ್ಲು, ಒಂದು ಸೀಮೆಸುಣ್ಣ ಸಾಕು.

ಇಂಜಿನ್ನಿನ ಬಲ ಗೇರ್ ಬಾಕ್ಸಿನಿಂದ ಟ್ರಾನ್ಸ್‌ಫರ್ ಕೇಸಿಗೆ ಬರುತ್ತದೆ. ಅಲ್ಲಿಂದ ಹಿಂದಕ್ಕೆ ಒಂದು ಜಾಯಿಂಟ್ ಶಾಫ್ಟ್, ಮುಂದಕ್ಕೆ ಒಂದು. ಮುಂದಿನದು ಮುಂದಿನ ಹೌಸಿಂಗ್‌ಗೆ, ಅಂದರೆ ಎರಡೂ ಗಾಲಿಗೆ ಬಲ ಹಂಚುವ ಗೇರುಗಳ ಗೂಡಿಗೆ ಹೋಗುತ್ತದೆ. ಹೌಸಿಂಗ್‌ನಿಂದ ಆಕ್ಸಲ್, ಆಕ್ಸಲ್ ತುದಿಯಲ್ಲಿ ಹಬ್, ಆಮೇಲೆ ಗಾಲಿ. ಈ ದಾರಿಯಲ್ಲಿ ಕೊಂಡಿ ಹಾಕುವ ಜಾಗ ಎರಡು. ಒಂದು ಟ್ರಾನ್ಸ್‌ಫರ್ ಕೇಸಿನ ಒಳಗೆ. ಇನ್ನೊಂದು ಹಬ್ಬಿನಲ್ಲಿ. ಕೆಲವು ಹೊಸ ಗಾಡಿಗಳಲ್ಲಿ ಹಬ್ಬಿನ ಬದಲು ಮುಂದಿನ ಆಕ್ಸಲ್ಲಿನಲ್ಲೇ ಆ ಕೊಂಡಿ ಇರುತ್ತದೆ. ಈ ಎರಡರಲ್ಲಿ ಯಾವುದು ಬೀಳುತ್ತಿಲ್ಲ ಎಂದು ಗೊತ್ತಾಗದೆ ಪಾನಾ ಹಿಡಿಯಬೇಡಿ. ಸುಮ್ನೆ ದುಡ್ಡು, ಹೊತ್ತು ಎರಡೂ ಹಾಳು.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಹಿಂದಿನ ಎರಡೂ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಇಂಜಿನ್ ಆಫ್ ಮಾಡಿ ಮೊದಲನೇ ಗೇರಿನಲ್ಲಿ ಬಿಡಿ. ಹಬ್ ಲಾಕ್ ಮಾಡಿ, ಫೋರ್ ಹೈ ಹಾಕಿ. ಅಂದರೆ ಲಿವರ್ ಎಷ್ಟು ಹೋಗುತ್ತದೋ ಅಷ್ಟು. ಮುಂದಿನ ಒಂದು ಗಾಲಿಯನ್ನು ಮಾತ್ರ ಜಾಕಿಯಿಂದ ನೆಲ ಬಿಡುವಷ್ಟು ಎತ್ತಿ. ಮುಂದಿನ ಜಾಯಿಂಟ್ ಶಾಫ್ಟಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಈಗ ಎತ್ತಿದ ಗಾಲಿಯನ್ನು ಕೈಯಲ್ಲಿ ತಿರುಗಿಸಿ.

ಗಾಲಿ ಸ್ವಲ್ಪ ಅಲ್ಲಾಡಿ ಗಟ್ಟಿಯಾಗಿ ನಿಂತರೆ ಫೋರ್ ವೀಲ್ ಬಿದ್ದಿದೆ. ಡ್ಯಾಶ್‌ಬೋರ್ಡಿನ ದೀಪ ಉರಿಯದಿದ್ದರೂ ಬಿದ್ದಿದೆ. ತೊಂದರೆ ಇರುವುದು ದೀಪದ ಸ್ವಿಚ್ಚಿನಲ್ಲಿ ಅಥವಾ ವೈರಿನಲ್ಲಿ. ಪ್ರಯಾಣ ಮುಂದುವರಿಸಿ, ಊರಿಗೆ ಬಂದ ಮೇಲೆ ಸ್ವಿಚ್ ನೋಡಿದರಾಯಿತು.

ಗಾಲಿ ತಿರುಗಿದರೆ ಶಾಫ್ಟಿನ ಗೆರೆ ನೋಡಿ. ಗಾಲಿಯ ಜೊತೆ ಶಾಫ್ಟೂ ತಿರುಗುತ್ತಿದ್ದರೆ ಹಬ್ಬುಗಳು ಸರಿ ಇವೆ, ಟ್ರಾನ್ಸ್‌ಫರ್ ಕೇಸಿನಲ್ಲಿ ಕೊಂಡಿ ಬಿದ್ದಿಲ್ಲ. ಗಾಲಿ ತಿರುಗುತ್ತಿದೆ, ಶಾಫ್ಟ್ ಅಲ್ಲಾಡುತ್ತಿಲ್ಲ ಎಂದರೆ ಹಬ್ಬಿನ ಕಡೆ ತೊಂದರೆ. ಅದು ಈ ಕಡೆಯ ಹಬ್ಬೇ ಇರಬೇಕು ಅಂತ ಏನಿಲ್ಲ, ಆ ಕಡೆಯದೂ ಇರಬಹುದು. ಗಾಲಿ ಇಳಿಸಿ, ಇನ್ನೊಂದು ಕಡೆಯೂ ಎತ್ತಿ ನೋಡಿ.

ಒಂದು ಎಚ್ಚರಿಕೆ. ಹಳೆ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಗಾಲಿಗೆ ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟಿಗೆ ಹಿಡಿಯುತ್ತದೆ. ಅಂಥ ಗಾಡಿಯ ಹಿಂದಿನ ಒಂದು ಗಾಲಿ ಎತ್ತಿದರೆ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದಂತೆ. ಗಾಡಿ ಉರುಳುತ್ತದೆ. ಅದಕ್ಕೇ ಕಲ್ಲು ಕೊಡದೆ ಕೆಳಗೆ ನುಗ್ಗಬೇಡಿ. ಜಾಕಿಯೊಂದನ್ನೇ ನಂಬಿ ಗಾಡಿ ಕೆಳಗೆ ಮಲಗಲೂ ಬೇಡಿ. ನಮ್ಮ ಹುಡುಗರಿಗೆ ದಿನಾ ಹೇಳುವ ಮಾತು ಇದು, ನಿಮಗೂ ಹೇಳುತ್ತೇನೆ.

ಕಾಜಾದಿಂದ ಹುಡುಗ ಹೇಳಿದ, "ಅಣ್ಣಾ, ಗಾಲಿನೂ ತಿರುಗುತ್ತೆ, ಶಾಫ್ಟೂ ತಿರುಗುತ್ತೆ."

ಹಾಗಾದರೆ ಹಬ್ ಬಿಡು, ಬಾಕ್ಸ್ ನೋಡು ಅಂದೆ. ಅವನ ಜೊತೆಗಿದ್ದವನು ಪಕ್ಕದಿಂದ ಟಾರ್ಚ್ ಹಿಡಿದು ನೋಡಿದ. ಇವನು ಮೇಲೆ ಲಿವರ್ ಮೆಲ್ಲಗೆ ತಳ್ಳಿದಾಗ ಕೆಳಗೆ ಬಾಕ್ಸಿಗೆ ಹೋಗುವ ರಾಡು ಒಂದು ಚೂರು ಸರಿದು ನಿಲ್ಲುತ್ತಿತ್ತು. ಅಂದರೆ ಲಿವರಿನ ಪಿನ್ನು, ಬುಷ್ ಎಲ್ಲ ಸರಿ. ರಾಡು ಸರಿಯದೆ ಲಿವರ್ ಮಾತ್ರ ಆಡಿದರೆ ಬುಷ್ ತಿಂದಿದೆ ಎಂದರ್ಥ. ಲಿವರೇ ಆಡದಿದ್ದರೆ ಪಿವಟ್ಟಿಗೆ ತುಕ್ಕು ಹಿಡಿದಿದೆ, ಅಥವಾ ಕೇಬಲ್ ಇರುವ ಗಾಡಿಯಾದರೆ ಕೇಬಲ್ ಒಳಗೆ ನೀರು ಹೆಪ್ಪುಗಟ್ಟಿದೆ. ಇವನದ್ದು ಅದ್ಯಾವುದೂ ಅಲ್ಲ. ಬಾಕ್ಸಿನ ಒಳಗೇ ಏನೋ ತಡೆಯುತ್ತಿತ್ತು.

ಆಯಿಲ್ ಗಟ್ಟಿಯಾದಾಗ

ನಾವು ಇಲ್ಲಿ ಹೌಸಿಂಗ್‌ಗೆ, ಗೇರ್ ಬಾಕ್ಸಿಗೆ ಹಾಕುವುದು 90 ನಂಬರ್ ಆಯಿಲ್. ಟ್ರ್ಯಾಕ್ಟರಿನವರು 140 ಕೂಡ ಹಾಕುತ್ತಾರೆ. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಿಗೆ ಅದು ಚೆನ್ನಾಗಿಯೇ ಇರುತ್ತದೆ. ಆದರೆ ಬರೀ 90 ಎಂದು ಬರೆದ ಡಬ್ಬಿ ಚಳಿಯ ಬಗ್ಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಚಳಿಯ ಭರವಸೆ ಇರುವುದು ಡಬ್ಲ್ಯೂ ಅಕ್ಷರದಲ್ಲಿ. ಆಯಿಲ್ಲಿನ ದಪ್ಪಕ್ಕೆ ನಂಬರ್ ಕೊಡುವ ಎಸ್ಎಇ ಲೆಕ್ಕದಲ್ಲಿ 85ಡಬ್ಲ್ಯೂ ಆಯಿಲ್ಲನ್ನು ಮೈನಸ್ 12 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ. 80ಡಬ್ಲ್ಯೂ ಆದರೆ ಮೈನಸ್ 26. 75ಡಬ್ಲ್ಯೂ ಆದರೆ ಮೈನಸ್ 40. ಆ ಚಳಿಯಲ್ಲೂ ಆಯಿಲ್ ಇಂತಿಷ್ಟಕ್ಕಿಂತ ಗಟ್ಟಿಯಾಗಬಾರದು ಎಂಬ ಮಿತಿ ಇದೆ. ಡಬ್ಲ್ಯೂ ಆದ ಮೇಲೆ ಬರುವ 90 ಎಂಬ ಸಂಖ್ಯೆ ಬಿಸಿಯಾದಾಗಿನ ದಪ್ಪಕ್ಕೆ. ಆದ್ದರಿಂದ 75ಡಬ್ಲ್ಯೂ-90 ಹಾಕಿದರೆ ಇಲ್ಲಿ ಬಿಸಿಲಿಗೂ ಆಯಿತು, ಅಲ್ಲಿನ ಚಳಿಗೂ ಆಯಿತು. ಬೆಲೆ ಜಾಸ್ತಿ, ನಿಜ. ಮೈನಸ್ 20ಕ್ಕೆ ಹೋಗುವವರು ಆ ದುಡ್ಡು ಉಳಿಸಲು ಹೋಗಬೇಡಿ.

ಗಟ್ಟಿ ಆಯಿಲ್ ಎರಡು ತೊಂದರೆ ಕೊಡುತ್ತದೆ. ಫೋರ್ಕ್ ಸರಿಯಲು ಬಿಡುವುದಿಲ್ಲ. ಜೊತೆಗೆ ಮುಂದಿನ ಹೌಸಿಂಗ್‌ನಲ್ಲಿ ಕ್ರೌನ್ ಪಿನಿಯನ್ ಎಂಬ ಗೇರುಗಳು ತಿರುಗಲು ಬಿಡುವುದಿಲ್ಲ. ಮುಂದಿನ ಶಾಫ್ಟ್ ಹಿಂದಿನದರ ವೇಗಕ್ಕೆ ಬರದಿದ್ದರೆ ಹಲ್ಲು ಕೂರುವುದು ಹೇಗೆ?

ಇನ್ನೊಂದು ಸಂಗತಿ. ಕೆಲವು ಟ್ರಾನ್ಸ್‌ಫರ್ ಕೇಸಿಗೆ ಗೇರ್ ಆಯಿಲ್ ಹಾಕುವಂತೆಯೇ ಇಲ್ಲ. ಅದಕ್ಕೆ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್ ಬೇಕು. ತೆಳ್ಳಗೆ, ಸಾಮಾನ್ಯವಾಗಿ ಕೆಂಪಗೆ ಇರುತ್ತದೆ. ಅದು ಗೊತ್ತಿಲ್ಲದೆ ಎಲ್ಲದಕ್ಕೂ ಒಂದೇ ಡಬ್ಬಿಯಿಂದ 90 ಸುರಿದಿರುವುದನ್ನು ನಾನು ಹಲವು ಸಲ ನೋಡಿದ್ದೇನೆ. ನಮ್ಮೂರಿನಲ್ಲಿ ಅಂಥ ಗಾಡಿ ವರ್ಷಗಟ್ಟಲೆ ಓಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಚಳಿಗೆ ಹೋದ ದಿನ ಗೊತ್ತಾಗುತ್ತದೆ.

ದಾರಿಯಲ್ಲೇ ಸಿಕ್ಕಿಕೊಂಡರೆ ಆಯಿಲ್ ಬದಲಿಸಲು ಆಗುವುದಿಲ್ಲ, ಬಿಸಿ ಮಾಡಬೇಕು. ಗಾಡಿ ಟೂ ಹೈನಲ್ಲಿ ಚಲಿಸುವಂತಿದ್ದರೆ ಹತ್ತು ಹದಿನೈದು ನಿಮಿಷ ಮೆಲ್ಲಗೆ ಓಡಿಸಿ, ಆಮೇಲೆ ಹಾಕಿ. ಚಲಿಸುವಂತೆಯೇ ಇಲ್ಲದಿದ್ದರೆ, ಎರಡು ಲಿವರ್ ಇರುವ ಹಳೆ ಜೀಪುಗಳಿಗೆ ಒಂದು ದಾರಿ ಇದೆ. ಹೈ ಲೋ ಲಿವರನ್ನು ನ್ಯೂಟ್ರಲ್ಲಿಗೆ ತನ್ನಿ. ಗಾಲಿಗಳಿಗೆ ಕಲ್ಲು ಕೊಡಿ. ಇಂಜಿನ್ ಸ್ಟಾರ್ಟ್ ಮಾಡಿ ಮುಖ್ಯ ಗೇರನ್ನು ಎರಡನೆಯದಕ್ಕೆ ಹಾಕಿ ಕ್ಲಚ್ ಮೆಲ್ಲಗೆ ಬಿಡಿ. ಗಾಡಿ ಕದಲುವುದಿಲ್ಲ, ಆದರೆ ಟ್ರಾನ್ಸ್‌ಫರ್ ಕೇಸಿನ ಒಳಗಿನ ಗೇರು ತಿರುಗುತ್ತಾ ಆಯಿಲ್ಲನ್ನು ಕಲಕುತ್ತದೆ. ಕಲಕುತ್ತಾ ಕಲಕುತ್ತಾ ಬಿಸಿಯಾಗುತ್ತದೆ. ಹೊರಗೆ, ಗಾಳಿ ಆಡುವ ಜಾಗದಲ್ಲಿ ಮಾತ್ರ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಜೀವ ತೆಗೆಯುತ್ತದೆ.

ಒಂದೇ ಲಿವರ್ ಇರುವ ಗಾಡಿಯಲ್ಲಿ ಟೂ ಹೈನಿಂದ ನ್ಯೂಟ್ರಲ್ಲಿಗೆ ಹೋಗಲು ಸಾಮಾನ್ಯವಾಗಿ ಫೋರ್ ಹೈ ದಾಟಿಯೇ ಹೋಗಬೇಕು. ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಗಾಲಿ ಕೆಳಗಿನ ಹಿಮ ಕೆರೆದು, ಮಣ್ಣೋ ಗೋಣಿಚೀಲವೋ ಹಾಕಿ, ನಾಲ್ಕು ಅಡಿ ಹಿಂದೆ ಮುಂದೆ ಆಡಿಸುತ್ತಾ ಬಿಸಿ ಮಾಡಬೇಕು. ಬಾಕ್ಸಿಗೆ ಬಿಸಿಲು ಬೀಳುವ ಹಾಗೆ ನಿಲ್ಲಿಸಲು ಆದರೆ ಇನ್ನೂ ಒಳ್ಳೆಯದು.

ಬೆಂಕಿ ಮಾತ್ರ ಹಾಕಬೇಡಿ. ಡೀಸೆಲ್ ಪೈಪು, ವೈರು, ರಬ್ಬರ್ ಸೀಲು ಎಲ್ಲ ಅಲ್ಲೇ ಇವೆ. ಕುದಿಯುವ ನೀರೂ ಸುರಿಯಬೇಡಿ. ಹತ್ತು ನಿಮಿಷದಲ್ಲಿ ಅದೇ ನೀರು ಲಿವರಿನ ಸಂದಿಯಲ್ಲಿ ಹೆಪ್ಪುಗಟ್ಟುತ್ತದೆ.

ನೀರು ಎಲ್ಲಿಂದ ಬಂತು?

ಹುಡುಗನ ಜೀಪಿನ ಇಂಜಿನ್ ಇಪ್ಪತ್ತು ನಿಮಿಷ ಹಾಗೇ ಓಡಿತು. ಹತ್ತು ಗಂಟೆ ಹೊತ್ತಿಗೆ ಬಿಸಿಲೂ ಬಿತ್ತು. "ಬಿತ್ತಣ್ಣಾ!" ಅಂತ ಕೂಗಿದ. ಆದರೆ ನನಗೆ ಸಮಾಧಾನ ಆಗಲಿಲ್ಲ. ಬರೀ ಆಯಿಲ್ ಗಟ್ಟಿಯಾಗಿದ್ದರೆ ಲಿವರ್ ಮೇಣದಲ್ಲಿ ಹೋದ ಹಾಗೆ ನಿಧಾನಕ್ಕೆ ಹೋಗುತ್ತದೆ. ಇವನದ್ದು ಕಲ್ಲಿಗೆ ಬಡಿದ ಹಾಗೆ ನಿಲ್ಲುತ್ತಿತ್ತು. ಒಳಗೆ ಮಂಜುಗಡ್ಡೆ ಇದೆ ಅನ್ನಿಸಿತು.

ಊರಿಗೆ ಬಂದ ಮೇಲೆ ನನ್ನ ಹತ್ತಿರವೇ ತಂದ. ಡ್ರೈನ್ ಬೋಲ್ಟ್ ಬಿಚ್ಚಿದೆ. ಮೊದಲು ಒಂದು ಲೋಟದಷ್ಟು ಬರೀ ನೀರು ಬಂತು. ಅದರ ಹಿಂದೆ ಹಾಲು ಜಾಸ್ತಿಯಾದ ಟೀ ಬಣ್ಣದ ಆಯಿಲ್. ನೀರು ಆಯಿಲ್ಲಿಗಿಂತ ಭಾರ, ಗಾಡಿ ರಾತ್ರಿಯಿಡೀ ನಿಂತಾಗ ತಳಕ್ಕೆ ಇಳಿಯುತ್ತದೆ. ಮೈನಸ್ 20ರಲ್ಲಿ ಅದು ಅಲ್ಲೇ ಗಡ್ಡೆ ಕಟ್ಟಿದೆ.

ಯಾವಾಗ ನೀರಿಗಿಳಿಸಿದ್ದೆ ಅಂತ ಕೇಳಿದೆ. ಯೋಚನೆ ಮಾಡಿ ಹೇಳಿದ. ದೀಪಾವಳಿಗೆ ಮೊದಲು ತೋಟದಿಂದ ಅಡಿಕೆ ಮೂಟೆ ಹೊತ್ತು ಬಂದವನು ಹಾಗೇ ಹಳ್ಳಕ್ಕೆ ಇಳಿಸಿ ಜೀಪು ತೊಳೆದಿದ್ದನಂತೆ. ನಮ್ಮ ಕಡೆ ಎಲ್ಲರೂ ಮಾಡುವುದೇ. ತೊಂದರೆ ಆಗುವುದೂ ಅಲ್ಲೇ. ಓಡಿ ಬಂದ ಗಾಡಿಯ ಹೌಸಿಂಗು, ಬಾಕ್ಸು ಕಾದಿರುತ್ತವೆ. ಒಳಗಿನ ಗಾಳಿ ಹಿಗ್ಗಿರುತ್ತದೆ. ತಣ್ಣೀರಿಗೆ ಇಳಿಸಿದ ಕೂಡಲೇ ಆ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳಲೆಂದೇ ಮೇಲೆ ಬ್ರೀದರ್ ಎಂಬ ಸಣ್ಣ ಕಿಂಡಿ ಇಟ್ಟಿದ್ದಾರೆ. ಅದು ಕೆಸರು ಮೆತ್ತಿ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆಯುತ್ತದೆ. ಬ್ರೀದರ್ ತೆರೆದಿದ್ದು ಅದು ನೀರಿನ ಕೆಳಗಿದ್ದರೂ ಅಷ್ಟೇ.

ಹಾಗಾಗಿ ಗಾಡಿ ಒಮ್ಮೆ ಹಬ್ ಮುಳುಗುವಷ್ಟು ನೀರಿನಲ್ಲಿ ಹೋಗಿದ್ದರೆ ಮೂರೂ ಕಡೆ ನೋಡಿ. ಮುಂದಿನ ಹೌಸಿಂಗ್, ಹಿಂದಿನ ಹೌಸಿಂಗ್, ಟ್ರಾನ್ಸ್‌ಫರ್ ಕೇಸ್. ರಾತ್ರಿ ನಿಲ್ಲಿಸಿ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಡ್ರೈನ್ ಬೋಲ್ಟನ್ನು ಸ್ವಲ್ಪ ಸಡಿಲಿಸಿದರೆ ಸಾಕು, ನೀರಿದ್ದರೆ ಅದೇ ಮೊದಲು ಇಳಿಯುತ್ತದೆ.

ಆಯಿಲ್ ಬದಲಿಸುವಾಗ ಒಂದು ಕ್ರಮ ನೆನಪಿಡಿ. ಮೊದಲು ಮೇಲಿನ ತುಂಬುವ ಬೋಲ್ಟ್ ಬಿಚ್ಚಿ. ಅದು ಬಿಚ್ಚಿತು ಎಂದು ಖಾತ್ರಿಯಾದ ಮೇಲೆ ಮಾತ್ರ ಕೆಳಗಿನದಕ್ಕೆ ಕೈ ಹಾಕಿ. ಆಯಿಲ್ ಎಲ್ಲ ಇಳಿಸಿ, ಮೇಲಿನದು ತುಕ್ಕು ಹಿಡಿದು ಬಿಚ್ಚದಿದ್ದರೆ ತುಂಬುವುದು ಎಲ್ಲಿಂದ? ಇಳಿದ ಆಯಿಲ್ಲನ್ನು ಬೆರಳಲ್ಲಿ ತಿಕ್ಕಿ ನೋಡಿ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದಿ ಬಣ್ಣದ ನುಣ್ಣನೆ ಪುಡಿ ಅಂಟಿದ್ದರೆ ಚಿಂತೆ ಇಲ್ಲ. ಚೂರುಗಳು ಸಿಕ್ಕರೆ ಬಾಕ್ಸ್ ಇಳಿಸಬೇಕು.

ಹಬ್ಬಿನ ಗ್ರೀಸು

ಪರೀಕ್ಷೆಯಲ್ಲಿ ಗಾಲಿ ತಿರುಗಿ ಶಾಫ್ಟ್ ನಿಂತಿದ್ದರೆ ಹಬ್ ಬಿಚ್ಚಿ. ಸಾಮಾನ್ಯವಾಗಿ ಹೊರಗಿನ ಮುಚ್ಚಳಕ್ಕೆ ಸಣ್ಣ ಬೋಲ್ಟುಗಳು ಇರುತ್ತವೆ. ಒಳಗಿನ ಭಾಗಗಳನ್ನು ತೆಗೆದ ಕ್ರಮದಲ್ಲೇ ಬಟ್ಟೆ ಮೇಲೆ ಸಾಲಾಗಿ ಇಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಇನ್ನೂ ಚೆನ್ನ.

ಹೋದ ಡಿಸೆಂಬರಿನಲ್ಲಿ ಒಂದು ಗಾಡಿ ಬಂತು. ತಾನಾಗಿಯೇ ಲಾಕ್ ಆಗುವ ಹಬ್ಬಿನದ್ದು. ಬೆಳಗ್ಗೆ ಬೀಳುವುದಿಲ್ಲ, ಮಧ್ಯಾಹ್ನ ಬೀಳುತ್ತದೆ. ಬಿಚ್ಚಿ ನೋಡಿದರೆ ಯಾರೋ ಒಳಗೆ ಬೇರಿಂಗ್ ಗ್ರೀಸನ್ನು ಹಿಡಿಗಟ್ಟಲೆ ತುಂಬಿದ್ದರು. ಒಳ್ಳೆಯದಾಗಲಿ ಅಂತಲೇ ತುಂಬಿರುತ್ತಾರೆ. ಆದರೆ ಹಬ್ಬಿನ ಒಳಗಿನ ಸ್ಪ್ರಿಂಗು ಸಣ್ಣದು. ಗಟ್ಟಿ ಗ್ರೀಸನ್ನು ತಳ್ಳಿಕೊಂಡು ಹಲ್ಲನ್ನು ಸರಿಸುವ ಬಲ ಅದಕ್ಕಿಲ್ಲ. ಗ್ರೀಸು ತುಂಬುವುದು ಬೇರಿಂಗಿಗೆ. ಲಾಕ್ ಆಗುವ ಭಾಗಕ್ಕೆ ಬೆರಳಲ್ಲಿ ಸವರಿದಷ್ಟು ತೆಳುವಾದ ಪದರ ಸಾಕು. ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಸವರಿ. ಆ ಗಾಡಿಗೆ ಹೊಸ ಭಾಗ ಒಂದೂ ಬೇಕಾಗಲಿಲ್ಲ.

ಕೈಯಲ್ಲಿ ತಿರುಗಿಸುವ ಹಬ್ ಇರುವವರು ಚಳಿ ಊರಿನಲ್ಲಿ ಒಂದು ಕೆಲಸ ಮಾಡಿ. ರಾತ್ರಿ ಗಾಡಿ ನಿಲ್ಲಿಸುವಾಗಲೇ ಹಬ್ ಲಾಕ್ ಮಾಡಿ ಮಲಗಿ. ಬೆಳಗ್ಗೆ ಮಂಜು ಕಟ್ಟಿದ ಡಯಲ್ಲನ್ನು ಇಕ್ಕಳದಲ್ಲಿ ತಿರುಗಿಸಲು ಹೋಗಿ ಮುರಿದುಕೊಳ್ಳುವುದು ತಪ್ಪುತ್ತದೆ. ಹಬ್ ಲಾಕ್ ಆಗಿದ್ದು ಟೂ ಹೈನಲ್ಲಿ ಓಡಿಸಿದರೆ ಗಾಡಿಗೆ ಏನೂ ಆಗುವುದಿಲ್ಲ, ಮುಂದಿನ ಶಾಫ್ಟ್ ಸುಮ್ಮನೆ ತಿರುಗುತ್ತಿರುತ್ತದೆ ಅಷ್ಟೆ.

ಗುಂಡಿ ತಿರುಗಿಸುವ ಗಾಡಿಗಳು

ಲಿವರಿನ ಬದಲು ಡ್ಯಾಶ್‌ಬೋರ್ಡಿನಲ್ಲಿ ಗುಂಡಿ ಇರುವ ಗಾಡಿಗಳಲ್ಲಿ ಫೋರ್ಕನ್ನು ಸರಿಸುವುದು ಒಂದು ಸಣ್ಣ ಮೋಟಾರು. ಅದು ಟ್ರಾನ್ಸ್‌ಫರ್ ಕೇಸಿಗೇ ಅಂಟಿಕೊಂಡಿರುತ್ತದೆ. ಈ ಗಾಡಿಗಳ ತೊಂದರೆ ನೋಡಲು ಸ್ಪಿತಿಗೆ ಹೋಗಬೇಕಾಗಿಲ್ಲ, ಚಿತ್ರದುರ್ಗದ ಜೋಗಿಮಟ್ಟಿ ಸಾಕು. ಅಲ್ಲಿ ಗಾಳಿಯಂತ್ರಗಳ ಕೆಲಸಕ್ಕೆ ಓಡಾಡುವ ಒಂದು ಗಾಡಿ ಹೀಗೇ ಬಂದಿತ್ತು. ಬೆಳಗಿನ ಜಾವ ಗುಡ್ಡ ಹತ್ತುವಾಗ ಗುಂಡಿ ತಿರುಗಿಸಿದರೆ ದೀಪ ಮಿಣುಕುತ್ತಿತ್ತು, ಗೇರ್ ಬೀಳುತ್ತಿರಲಿಲ್ಲ. ಮೋಟಾರು ಹೋಗಿದೆ, ಬದಲಿಸಬೇಕು ಅಂತ ಅವರಿಗೆ ಯಾರೋ ಹೇಳಿದ್ದರು.

ನಾನು ರಾತ್ರಿ ಗಾಡಿ ಇಲ್ಲೇ ಬಿಡಿಸಿಕೊಂಡೆ. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿಗೆ ಮೀಟರ್ ಹಿಡಿದೆ. 11.9 ವೋಲ್ಟ್. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ನಿಂತಾಗ 12.6ರ ಹತ್ತಿರ ತೋರಿಸಬೇಕು. 12.2 ಅಂದರೆ ಸುಮಾರು ಅರ್ಧ. 11.9 ಅಂದರೆ ಬಹುತೇಕ ಖಾಲಿ. ಚಳಿಯಲ್ಲಿ ಬ್ಯಾಟರಿಯ ಬಲವೂ ಇಳಿಯುತ್ತದೆ, ಇಂಜಿನ್ ತಿರುಗಿಸಲು ಬೇಕಾದ ಬಲವೂ ಜಾಸ್ತಿಯಾಗುತ್ತದೆ. ಸ್ಟಾರ್ಟ್ ಆದ ಕೂಡಲೇ ಹೀಟರು, ಹೆಡ್‌ಲೈಟು ಹಾಕುತ್ತೇವೆ. ಅದೇ ಹೊತ್ತಿಗೆ ಗುಂಡಿ ತಿರುಗಿಸಿದರೆ ಮೋಟಾರು ಅರ್ಧ ದಾರಿಗೆ ಹೋಗಿ ನಿಲ್ಲುತ್ತದೆ. ಕಂಪ್ಯೂಟರಿಗೆ ಗೇರ್ ಎಲ್ಲಿದೆ ಎಂದು ತಿಳಿಯದೆ ದೀಪ ಮಿಣುಕಿಸುತ್ತದೆ. ಬ್ಯಾಟರಿ ಬದಲಿಸಿ, ಅರ್ಥಿಂಗ್ ವೈರಿನ ತುಕ್ಕು ಉಜ್ಜಿದೆ. ಮೋಟಾರು ಇವತ್ತಿಗೂ ಹಳೆಯದೇ ಇದೆ.

ಹೀಗೆ ಆದಾಗ ಇಂಜಿನ್ ಓಡುತ್ತಿರಲಿ, ಗೇರ್ ನ್ಯೂಟ್ರಲ್ಲಿನಲ್ಲಿರಲಿ. ಒಬ್ಬರು ಗುಂಡಿ ತಿರುಗಿಸಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಕಿವಿ ಕೊಡಲಿ. ಗುಂಯ್ ಅನ್ನುವ ಸದ್ದು ಬಂದು ನಿಂತರೆ ಮೋಟಾರಿಗೆ ಕರೆಂಟ್ ಬರುತ್ತಿದೆ, ಬಲ ಸಾಲುತ್ತಿಲ್ಲ ಅಥವಾ ಒಳಗೆ ತಡೆ ಇದೆ. ಬರೀ ಟಿಕ್ ಅಂದು ಸುಮ್ಮನಾದರೆ ರಿಲೇ ಕೆಲಸ ಮಾಡುತ್ತಿದೆ, ಕರೆಂಟ್ ಮೋಟಾರು ತಲುಪುತ್ತಿಲ್ಲ. ಏನೂ ಸದ್ದಿಲ್ಲದಿದ್ದರೆ ಫ್ಯೂಸಿನಿಂದ ಶುರು ಮಾಡಿ. ಮೋಟಾರಿನ ಕನೆಕ್ಟರ್ ಗಾಡಿಯ ಹೊಟ್ಟೆಯ ಕೆಳಗಿರುತ್ತದೆ, ಕೆಸರು ನೀರು ಎಲ್ಲ ಅದಕ್ಕೇ ಸಿಡಿಯುತ್ತದೆ. ಬಿಚ್ಚಿ ನೋಡಿ. ಪಿನ್ನಿಗೆ ಹಸಿರು ಕಿಲುಬು ಹಿಡಿದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಹಾಕಿ.

ವ್ಯಾಕ್ಯೂಮಿನಿಂದ, ಅಂದರೆ ಪೈಪಿನ ಗಾಳಿ ಹೀರಿ ಹಬ್ ಲಾಕ್ ಆಗುವ ಗಾಡಿಗಳಿಗೆ ಇನ್ನೊಂದು ಮಾತು. ವ್ಯಾಕ್ಯೂಮ್ ಕೆಲಸ ಮಾಡುವುದು ಹೊರಗಿನ ಗಾಳಿಯ ಒತ್ತಡದಿಂದ. ಕಾಜಾದ ಎತ್ತರದಲ್ಲಿ ಆ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟೇ ಇರುತ್ತದೆ. ಇಲ್ಲಿ ಸಣ್ಣಗೆ ಲೀಕ್ ಇದ್ದರೂ ಹಬ್ಬನ್ನು ಎಳೆಯುವ ಪೈಪು ಅಲ್ಲಿ ಎಳೆಯುವುದಿಲ್ಲ. ರಬ್ಬರ್ ಪೈಪು ಹಳೆಯದಾಗಿದ್ದರೆ ಚಳಿಗೆ ಗಟ್ಟಿಯಾಗಿ ತುದಿಯಲ್ಲಿ ಸೀಳುತ್ತದೆ. ಇಂಜಿನ್ ಓಡುವಾಗ ಪೈಪಿನ ತುದಿ ತೆಗೆದು ಬೆರಳಿಡಿ, ಬಲವಾಗಿ ಎಳೆಯಬೇಕು. ಹಬ್ಬಿನ ಕಡೆಯ ಪೈಪನ್ನು ಒರೆಸಿ ಬಾಯಲ್ಲಿ ಹೀರಿ ನಾಲಿಗೆ ಒತ್ತಿ ಹಿಡಿಯಿರಿ. ಹತ್ತು ಎಣಿಸುವವರೆಗೆ ನಾಲಿಗೆ ಅಂಟಿಕೊಂಡೇ ಇರಬೇಕು. ಬಿಟ್ಟುಕೊಂಡರೆ ಎಲ್ಲೋ ಲೀಕ್ ಇದೆ.

ಬಿದ್ದದ್ದು ಬಿಡಿಸಲು ಬರದಿದ್ದರೆ

ಇದೂ ಚಳಿ ಊರಿನಲ್ಲಿ ಜಾಸ್ತಿ. ಹಿಮ ಇರುವ ಕಡೆ ಫೋರ್ ಹೈ ಹಾಕುತ್ತಾರೆ, ಮುಂದೆ ಒಣ ಡಾಂಬರು ಬಂದಾಗ ಮರೆತು ಹಾಗೇ ಓಡಿಸುತ್ತಾರೆ. ತಿರುವಿನಲ್ಲಿ ಮುಂದಿನ ಗಾಲಿ ಹೆಚ್ಚು ದೂರ ಹೋಗಬೇಕು, ಶಾಫ್ಟ್ ಬಿಡುವುದಿಲ್ಲ. ಒಳಗೆ ಬಿಗಿತ ಸೇರಿ ಲಿವರ್ ಕಚ್ಚಿಕೊಳ್ಳುತ್ತದೆ. ಎಳೆದಾಡಬೇಡಿ. ಸ್ಟಿಯರಿಂಗ್ ನೇರ ಹಿಡಿದು ಎಂಟು ಹತ್ತು ಅಡಿ ರಿವರ್ಸ್ ಹೋಗಿ, ಹೋಗುತ್ತಿರುವಾಗಲೇ ಕ್ಲಚ್ ಒತ್ತಿ ಲಿವರ್ ಎಳೆಯಿರಿ. ನಾಲ್ಕೂ ಟೈರ್ ಒಂದೇ ಸೈಜು, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು. ಮುಂದೆ ಹೊಸದು, ಹಿಂದೆ ಬೋಳು ಟೈರ್ ಇದ್ದರೆ ನೇರ ರಸ್ತೆಯಲ್ಲೂ ಈ ಬಿಗಿತ ಬರುತ್ತದೆ.

ಟ್ರ್ಯಾಕ್ಟರಿನವರಿಗೆ

ಜನವರಿಯಲ್ಲಿ ಭದ್ರಾ ನಾಲೆಗೆ ನೀರು ಬಿಟ್ಟಾಗ ನಸುಕಿನಲ್ಲೇ ಗದ್ದೆಗೆ ಇಳಿಯುತ್ತೀರಿ. ಮುಂದಿನ ಆಕ್ಸಲ್ ಲಿವರ್ ಬೀಳದಿದ್ದರೆ ಕೆಸರಿಗೆ ಇಳಿಯುವ ಮೊದಲು ಬದುವಿನ ಮೇಲೆ, ಗಟ್ಟಿ ನೆಲದಲ್ಲಿ ಉರುಳಿಸಿ ಹಾಕಿ. ಇಳಿದು ಹೂತ ಮೇಲೆ ಹಾಕಲು ಹೋಗಬೇಡಿ. ಹಿಂದಿನ ವರ್ಷ ಕೆಸರಿನಲ್ಲಿ ಕೆಲಸ ಮಾಡಿದ ಮೇಲೆ ಮುಂದಿನ ಆಕ್ಸಲ್ ಆಯಿಲ್ ನೋಡಿದ್ದೀರಾ? ನೋಡಿಲ್ಲದಿದ್ದರೆ ಇವತ್ತೇ ನೋಡಿ, ಅದರಲ್ಲೂ ಹಾಲಿನ ಬಣ್ಣ ಇರಬಹುದು.

ಹೊರಡುವ ಮೊದಲು

ಲಡಾಖ್‌ಗೆ ಹೋಗುವವರು ಕೂಲಂಟ್ ಬಗ್ಗೆ ಕೇಳುತ್ತಾರೆ, ಡೀಸೆಲ್ ಹೆಪ್ಪುಗಟ್ಟುತ್ತದಾ ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆಗಳೇ. ಲಡಾಖ್‌ನಲ್ಲಿ ಚಳಿಗಾಲಕ್ಕೆಂದೇ ಮೈನಸ್ 33 ಡಿಗ್ರಿವರೆಗೂ ಹರಿಯುವ ಡೀಸೆಲ್ 2019ರಿಂದ ಸಿಗುತ್ತಿದೆ. ಆದರೆ ಟ್ರಾನ್ಸ್‌ಫರ್ ಕೇಸಿನ ಆಯಿಲ್ ಯಾವುದು ಅಂತ ಇಲ್ಲಿಯವರೆಗೆ ಯಾರೂ ತಾವಾಗಿ ಕೇಳಿಲ್ಲ. ನೀವು ಕೇಳಿ. ಹೊರಡುವ ಹದಿನೈದು ದಿನ ಮೊದಲೇ ಮೂರೂ ಕಡೆ ಆಯಿಲ್ ಬದಲಿಸಿ, ನಾಲ್ಕು ದಿನ ಓಡಿಸಿ ನೋಡಿ. ಹಿಂದಿನ ದಿನ ಸಂಜೆ ತಂದು ನಿಲ್ಲಿಸಿದರೆ ಎಂಥ ಮೆಕ್ಯಾನಿಕ್ಕೂ ಏನೂ ಮಾಡಲಾರ.

ತಿಂಗಳಿಗೆ ಒಂದು ಸಲವಾದರೂ ಫೋರ್ ಹೈ ಹಾಕಿ ಮಣ್ಣಿನ ರಸ್ತೆಯಲ್ಲಿ ಎರಡು ಮೂರು ಕಿಲೋಮೀಟರ್ ಓಡಿಸಿ. ಹೊಲದ ದಾರಿ, ಕೆರೆ ಅಂಗಳ, ಎಲ್ಲಾದರೂ ಸರಿ. ಒಳಗಿನ ಭಾಗಗಳಿಗೆ ಆಯಿಲ್ ಹತ್ತುತ್ತದೆ, ರಾಡಿಗೆ ತುಕ್ಕು ಹಿಡಿಯುವುದಿಲ್ಲ.

ಚಳಿ ಊರಿನಲ್ಲಿ ಗಾಡಿ ಒದ್ದೆಯಾಗಿದ್ದರೆ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದು ಬಿಡಬೇಡಿ, ಬ್ರೇಕ್ ಲೈನರ್ ಡ್ರಮ್ಮಿಗೆ ಹೆಪ್ಪುಗಟ್ಟುತ್ತದೆ. ಗೇರಿನಲ್ಲಿ ಬಿಟ್ಟು ಕಲ್ಲು ಕೊಡಿ.

ಚನ್ನಗಿರಿಯ ಜೀಪಿಗೆ ಮೂರು ಕಡೆಯೂ 75ಡಬ್ಲ್ಯೂ-90 ಹಾಕಿದೆ. ಸೀಲು ಬದಲಿಸಿದೆ. ಫೋರ್ಕ್ ಬಿಚ್ಚಿ ಗಾಜಿನ ಮೇಲಿಟ್ಟು ನೋಡಿದೆ, ಒದ್ದಿದ್ದರೂ ಬಗ್ಗಿರಲಿಲ್ಲ. ಮೂರೂ ಬ್ರೀದರಿಗೆ ಉದ್ದ ರಬ್ಬರ್ ಪೈಪು ಜೋಡಿಸಿ ಬಾನೆಟ್ ಒಳಗೆ ಬ್ಯಾಟರಿ ಪಕ್ಕದವರೆಗೆ ಎಳೆದು, ತುದಿಯನ್ನು ಕೆಳಮುಖವಾಗಿ ಬಗ್ಗಿಸಿ ಕಟ್ಟಿದೆ. ಆ ಪೈಪಿಗೆ ಖರ್ಚಾದದ್ದು ಮುನ್ನೂರು ರೂಪಾಯಿಯೂ ಇಲ್ಲ. ಈಗಲೂ ಅವನು ಹಳ್ಳಕ್ಕೆ ಇಳಿಸುತ್ತಾನೆ, ಆದರೆ ಮೊದಲು ಅರ್ಧ ಗಂಟೆ ಮರದ ನೆರಳಲ್ಲಿ ನಿಲ್ಲಿಸಿ ಹೌಸಿಂಗ್ ಮುಟ್ಟಿ ನೋಡುತ್ತಾನಂತೆ.